ಕುದುರೆ ಕುಂಟುತ್ತಿದೆ ಸರಿ, ಯಾವ ಕಾಲು?

ನಮ್ಮ ಅಜ್ಜ ಹಳೇ ಹುಬ್ಬಳ್ಳಿಯಲ್ಲಿ ಟಾಂಗಾ ಹೊಡೆಯುತ್ತಿದ್ದರು. ಟಾಂಗಾ ಹೋಗಿ ಆಟೋ ಬಂದರೂ ಮನೆಯಲ್ಲಿ ಕುದುರೆ ಕಟ್ಟುವುದು ನಿಲ್ಲಲಿಲ್ಲ. ಈಗ ಕಾಕಾ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಾರೆ. ಮೋತಿ ಅಂತ ಒಂದು ಬಿಳಿ ಹೆಣ್ಣು ಕುದುರೆ, 14 ವರ್ಷದ್ದು. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ಅದು ಕುಂಟತೊಡಗಿತು. ಗಾಯ ಇಲ್ಲ, ಬಾವು ಇಲ್ಲ, ಮೊಳೆ ಚುಚ್ಚಿಲ್ಲ. ಮೇವು ಚೆನ್ನಾಗಿ ತಿನ್ನುತ್ತಿತ್ತು. ಆದರೆ ನಡೆಸಿದರೆ ಏನೋ ಒಂದು ಸರಿಯಿಲ್ಲ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು.

ಕಾರಣ ಸಿಗಲು ಮೂರು ತಿಂಗಳು ಬೇಕಾಯಿತು. ಆ ಮೂರು ತಿಂಗಳಲ್ಲಿ ನಾವು ಮಾಡಿದ ತಪ್ಪು ಒಂದೇ, ಅದನ್ನೇ ಮತ್ತೆ ಮತ್ತೆ ಮಾಡಿದೆವು. ನೋವು ಎಲ್ಲಿದೆ ಅಂತ ಹುಡುಕುವ ಮೊದಲೇ ಅದಕ್ಕೊಂದು ಹೆಸರು ಇಟ್ಟುಬಿಡುತ್ತಿದ್ದೆವು. ಬಂದವರೆಲ್ಲ ನೋಡಿ "ಹೆಗಲ ಜಗ್ಗೈತಿ, ಎಣ್ಣಿ ಹಚ್ಚಿ ತಿಕ್ರಿ" ಅಂದರು. ಎಣ್ಣೆ ಹಚ್ಚಿ ತಿಕ್ಕಿದ್ದೂ ಆಯಿತು. ಇನ್ನೊಬ್ಬರು ಬರೆ ಹಾಕಿಸಿ ಅಂದರು. ಅದಕ್ಕೆ ಮಾತ್ರ ಕಾಕಾ ಒಪ್ಪಲಿಲ್ಲ, ಸದ್ಯ. ಕಾದ ಕಬ್ಬಿಣದಿಂದ ಬರೆ ಹಾಕಿದರೆ ಮೊದಲಿನ ನೋವಿನ ಮೇಲೆ ಇನ್ನೊಂದು ನೋವು ಸೇರುತ್ತದೆ ಅಷ್ಟೇ. ಆಮೇಲೆ ಪ್ರಾಣಿ ಅಲುಗಾಡದೆ ನಿಲ್ಲುವುದರಿಂದ ವಿಶ್ರಾಂತಿ ಸಿಕ್ಕು ಸ್ವಲ್ಪ ಸುಧಾರಿಸಿದ ಹಾಗೆ ಕಾಣುತ್ತದೆ, ಹೆಸರು ಬರೆಗೆ ಹೋಗುತ್ತದೆ.

ಕುಂಟುವುದು ಜ್ವರದ ಹಾಗೆ, ಎಲ್ಲೋ ಏನೋ ಆಗಿದೆ ಅಂತ ಹೇಳುವ ಗುರುತು. ಕಾರಣ ಸಿಗಬೇಕಾದರೆ ಮೂರು ಪ್ರಶ್ನೆಗಳನ್ನು ಒಂದಾದ ಮೇಲೊಂದು ಕೇಳಬೇಕು. ಯಾವ ಕಾಲು? ಆ ಕಾಲಿನಲ್ಲಿ ಯಾವ ಜಾಗ? ಆ ಜಾಗದಲ್ಲಿ ಏನಾಗಿದೆ? ಮೊದಲನೆಯದಕ್ಕೆ ಉತ್ತರ ಸಿಗದೆ ಮೂರನೆಯದಕ್ಕೆ ಹಾರಿದರೆ ದುಡ್ಡೂ ಹೋಗುತ್ತದೆ, ಕುದುರೆಯ ದಿನಗಳೂ ಹೋಗುತ್ತವೆ.

ಯಾವ ಕಾಲು ಅನ್ನುವುದು ಸುಲಭ ಪ್ರಶ್ನೆ ಅನಿಸುತ್ತದೆ ಅಲ್ವಾ? ಇದೇ ಎಲ್ಲಕ್ಕಿಂತ ಕಷ್ಟದ್ದು. ನಾವು ಕಾಲನ್ನೇ ನೋಡುತ್ತೇವೆ, ನೋಡಬೇಕಾದ್ದು ತಲೆಯನ್ನು. ನಿಂತ ಕುದುರೆಯ ಭಾರದಲ್ಲಿ ಸುಮಾರು ಶೇಕಡಾ 60ರಷ್ಟು ಮುಂಗಾಲುಗಳ ಮೇಲೆ ಇರುತ್ತದೆ. ಒಂದು ಮುಂಗಾಲು ನೋಯುತ್ತಿದ್ದರೆ, ಆ ಕಾಲು ನೆಲಕ್ಕೆ ತಾಗುವಾಗ ಕುದುರೆ ತಲೆ ಎತ್ತುತ್ತದೆ, ಭಾರ ಕಡಿಮೆ ಮಾಡಿಕೊಳ್ಳಲು. ನೋವಿಲ್ಲದ ಕಾಲು ತಾಗುವಾಗ ತಲೆ ಕೆಳಗೆ ಬರುತ್ತದೆ. ಅಂದರೆ ತಲೆ ಯಾವ ಮುಂಗಾಲಿನ ಜೊತೆ ಬಗ್ಗುತ್ತದೋ ಅದು ಒಳ್ಳೆಯ ಕಾಲು, ಯಾವುದರ ಜೊತೆ ಏಳುತ್ತದೋ ಅದು ನೋಯುವ ಕಾಲು.

ಇದನ್ನು ನೋಡಲು ನಡಿಗೆ ಸಾಲದು. ನಡೆಯುವಾಗ ನಾಲ್ಕು ಕಾಲೂ ಬೇರೆ ಬೇರೆಯಾಗಿ ಬೀಳುತ್ತವೆ, ಭಾರ ಹಂಚಿಹೋಗುತ್ತದೆ. ಟ್ರಾಟ್‌ನಲ್ಲಿ, ಅಂದರೆ ಸಣ್ಣ ಓಟದಲ್ಲಿ, ಎಡ ಮುಂಗಾಲು ಮತ್ತು ಬಲ ಹಿಂಗಾಲು ಜೋಡಿಯಾಗಿ ಬೀಳುತ್ತವೆ, ಆಮೇಲೆ ಇನ್ನೊಂದು ಜೋಡಿ. ಎರಡೇ ತಾಳ. ಆಗ ಒಂದು ಕಾಲು ಭಾರ ತಪ್ಪಿಸಿಕೊಂಡರೆ ತಾಳ ಕೆಡುತ್ತದೆ. ಬೆಳಗಿನ ಜಾವ ಗಾಡಿಗಳ ಓಡಾಟ ಇಲ್ಲದಾಗ ಸಮತಟ್ಟಾದ ಗಟ್ಟಿ ರಸ್ತೆಯಲ್ಲಿ, ಹಗ್ಗ ಸಡಿಲ ಬಿಟ್ಟು, ನೇರವಾಗಿ 30 ಮೀಟರ್ ಓಡಿಸಿ ವಾಪಸ್ ಕರೆತನ್ನಿ. ಹಗ್ಗ ಬಿಗಿ ಹಿಡಿದರೆ ತಲೆಯ ಆಟ ಕಾಣುವುದೇ ಇಲ್ಲ. ಕಣ್ಣು ಮುಚ್ಚಿ ಕೇಳಿ ಕೂಡ ನೋಡಿ: ಟಕ್ ಟಕ್ ಅನ್ನುವ ಸದ್ದು ಒಂದೇ ಸಮ ಇರಬೇಕು, ನೋಯುವ ಕಾಲಿನ ಸದ್ದು ಸಾಮಾನ್ಯವಾಗಿ ಮೆತ್ತಗೆ ಬರುತ್ತದೆ. ಮೊಬೈಲಿನಲ್ಲಿ ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ವಿಡಿಯೋ ಮಾಡಿ ಸ್ಲೋ ಮೋಷನ್‌ನಲ್ಲಿ ನೋಡಿ. ಡಾಕ್ಟರು ಬಂದ ದಿನವೇ ಕುದುರೆ ಚೆನ್ನಾಗಿ ನಡೆದುಬಿಡುವುದು ಎಷ್ಟೋ ಸಲ ಆಗುತ್ತದೆ, ಆಗ ಆ ವಿಡಿಯೋನೇ ಸಾಕ್ಷಿ.

ಹಿಂಗಾಲಿನದು ಇನ್ನೂ ಸೂಕ್ಷ್ಮ. ಹಿಂದೆ ನಿಂತು ಸೊಂಟದ ಎರಡೂ ಎಲುಬಿನ ಗೂಟಗಳ ಮೇಲೆ ಬಿಳಿ ಟೇಪಿನ ಚೂರು ಅಂಟಿಸಿ ನೋಡಿದರೆ ತಿಳಿಯುತ್ತದೆ. ಬಿಳಿ ಕುದುರೆಗೆ ಕಪ್ಪು ಟೇಪು. ನೋಯುವ ಕಡೆಯ ಗೂಟ ಇನ್ನೊಂದು ಕಡೆಗಿಂತ ಜಾಸ್ತಿ ಮೇಲೆ ಕೆಳಗೆ ಆಡುತ್ತದೆ.

ಕುಂಟು ಎಷ್ಟಿದೆ ಅಂತ ಹೇಳಲು ಡಾಕ್ಟರುಗಳ ಹತ್ತಿರ 0ಯಿಂದ 5ರವರೆಗೆ ಒಂದು ಅಳತೆ ಇದೆ, ಅಮೆರಿಕದ ಕುದುರೆ ವೈದ್ಯರ ಸಂಘದ್ದು. 1 ಅಂದರೆ ಕಂಡೂ ಕಾಣದ ಹಾಗೆ. 3 ಅಂದರೆ ಸಣ್ಣ ಓಟದಲ್ಲಿ ಯಾವಾಗಲೂ ಕಾಣುತ್ತದೆ. 4 ಅಂದರೆ ನಡಿಗೆಯಲ್ಲೇ ಎದ್ದು ಕಾಣುತ್ತದೆ. 5 ಅಂದರೆ ಕಾಲು ಊರುವುದೇ ಇಲ್ಲ. ಮೋತಿಯದು 2 ಮತ್ತು 3ರ ನಡುವೆ. ಹುಡುಕಲು ಕಷ್ಟ ಕೊಡುವುದು ಇಂಥವೇ.

ಇಲ್ಲಿ ಒಂದು ಮಾತು. ಕುದುರೆ ಕಾಲು ಊರುತ್ತಲೇ ಇಲ್ಲ, ಕೀಲಿನ ಹತ್ತಿರ ಗಾಯ ಇದೆ, ಗೊರಸಿಗೆ ಮೊಳೆ ಹೊಕ್ಕಿದೆ ಅಂದರೆ ಈ ಲೇಖನ ಓದುತ್ತ ಕೂರಬೇಡಿ, ಆ ಕೂಡಲೇ ಡಾಕ್ಟರನ್ನು ಕರೆಯಿರಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾಲಯದ ಸೇವೆ ಸಿಗುತ್ತದೆ. ಗೊರಸಿನ ತಳದ ನಡುವೆ ಮೂರು ಮೂಲೆಯ ಮೆತ್ತನೆ ಭಾಗ ಇದೆಯಲ್ಲ, ಅಲ್ಲಿ ಹೊಕ್ಕ ಮೊಳೆ ಒಳಗಿನ ಕೀಲಿನ ತನಕ, ಸ್ನಾಯುರಜ್ಜು (ಮಾಂಸವನ್ನು ಎಲುಬಿಗೆ ಹಿಡಿದಿಡುವ ಹುರಿ) ತನಕ ಹೋಗಿರಬಹುದು. ಡಾಕ್ಟರು ಬೇಗ ಬರುವ ಹಾಗಿದ್ದರೆ ಮೊಳೆಯನ್ನು ಹಾಗೇ ಬಿಟ್ಟು, ಅದು ಇನ್ನಷ್ಟು ಒಳಗೆ ಹೋಗದಂತೆ ಸುತ್ತ ಬಟ್ಟೆ, ಕಟ್ಟಿಗೆ ಇಟ್ಟು ಕಟ್ಟಿ. ಎಷ್ಟು ಆಳ, ಯಾವ ದಿಕ್ಕು ಅಂತ ಎಕ್ಸ್‌ರೇಯಲ್ಲಿ ಕಾಣುತ್ತದೆ. ಕೀಳಲೇಬೇಕಾದರೆ ಮೊದಲು ಫೋಟೋ ತೆಗೆದು, ಮೊಳೆಯನ್ನು ಇಟ್ಟುಕೊಳ್ಳಿ. ಧನುರ್ವಾಯು ಕುದುರೆಗೆ ತಗಲುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗೆ ತಗಲುವುದಿಲ್ಲ. ಆ ಲಸಿಕೆ ತಪ್ಪಿಸಲೇಬಾರದು.

ಈಗ ಎರಡನೇ ಪ್ರಶ್ನೆ, ಯಾವ ಜಾಗ. ಹುಡುಕುವುದು ಗೊರಸಿನಿಂದ, ಕೆಳಗಿನಿಂದ ಮೇಲಕ್ಕೆ. ಮುಂಗಾಲಿನ ಕುಂಟಿನಲ್ಲಿ ಬಹುಪಾಲು ಮಂಡಿಯಿಂದ ಕೆಳಗೇ ಇರುತ್ತದೆ, ಅದರಲ್ಲೂ ಗೊರಸಿನಲ್ಲಿ. ಹೆಗಲಿನ ನೋವು ಇಲ್ಲವೇ ಇಲ್ಲ ಅಂತಲ್ಲ, ಅಪರೂಪ. ಮತ್ತೆ ಎಲ್ಲರೂ ಹೆಗಲು ಅಂತ ಯಾಕೆ ಹೇಳುತ್ತಾರೆ? ಗೊರಸು ನೋಯುವ ಕುದುರೆ ಹೆಜ್ಜೆ ಗಿಡ್ಡ ಇಡುತ್ತದೆ, ಕಾಲನ್ನು ಪೂರ್ತಿ ಮುಂದೆ ಚಾಚುವುದಿಲ್ಲ, ನೋಡುವವರಿಗೆ ಹೆಗಲೇ ಹಿಡಿದುಕೊಂಡ ಹಾಗೆ ಕಾಣುತ್ತದೆ. ಹಾಗೇ ತಿಂಗಳುಗಟ್ಟಲೆ ನಡೆದರೆ ಬಳಸದ ಹೆಗಲಿನ ಮಾಂಸ ಕರಗುತ್ತದೆ. ಆಗಂತೂ "ನೋಡ್ರಿ, ಹೆಗಲ ಇಳದೈತಿ" ಅಂತ ಖಾತ್ರಿಯೇ ಮಾಡಿಬಿಡುತ್ತಾರೆ.

ಗೊರಸನ್ನು ನೋಡಲು ಮೊದಲು ಕೈ ಸಾಕು. ಎರಡೂ ಮುಂಗಾಲಿನ ಗೊರಸು ಮುಟ್ಟಿ, ಒಂದು ಇನ್ನೊಂದಕ್ಕಿಂತ ಬಿಸಿ ಇದೆಯಾ? ಗೊರಸಿನ ಮೇಲಿನ ಗೆಣ್ಣಿನ ಹಿಂದೆ, ಎರಡೂ ಬದಿಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯದ ಕುದುರೆಯಲ್ಲಿ ಅದು ಹುಡುಕಿದರೂ ಸಿಗದಷ್ಟು ಸಣ್ಣಗಿರುತ್ತದೆ. ಗೊರಸಿನೊಳಗೆ ಉರಿ ಇದ್ದರೆ ಬೆರಳಿಗೆ ಬಡಿಯುವ ಹಾಗೆ ಇರುತ್ತದೆ. ನಿಮ್ಮ ಕುದುರೆ ಚೆನ್ನಾಗಿದ್ದಾಗಲೇ ಒಂದೆರಡು ಸಲ ನಾಡಿ ಹಿಡಿದು ನೋಡಿಕೊಂಡಿರಿ, ಆಗಷ್ಟೇ ವ್ಯತ್ಯಾಸ ಗೊತ್ತಾಗುತ್ತದೆ. ಆಮೇಲೆ ಡಾಕ್ಟರು ಅಥವಾ ಲಾಳ ಕಟ್ಟುವವರು ದೊಡ್ಡ ಇಕ್ಕಳದಿಂದ ತಳವನ್ನು ಇಂಚಿಂಚಾಗಿ ಒತ್ತಿ ನೋಡುತ್ತಾರೆ. ನೋಯುವ ಜಾಗಕ್ಕೆ ಬಂದಾಗ ಕುದುರೆ ಕಾಲು ಕಸಿದುಕೊಳ್ಳುತ್ತದೆ.

ನಿನ್ನೆ ಮೊನ್ನೆ ಸರಿಯಿದ್ದ ಕುದುರೆ ಇವತ್ತು ಮೂರು ಕಾಲಿನ ಮೇಲೆ ನಿಂತಿದ್ದರೆ, ಕಾಲು ಮುರಿದಿದೆ ಅಂತ ಹೆದರುತ್ತೇವೆ. ಹೆಚ್ಚಿನ ಸಲ ಗೊರಸಿನೊಳಗೆ ಕೀವು ಕಟ್ಟಿರುತ್ತದೆ. ಗೊರಸು ಗಟ್ಟಿ ಡಬ್ಬಿ ಇದ್ದ ಹಾಗೆ. ಒಳಗೆ ಕೀವು ತುಂಬಿದರೆ ಹಿಗ್ಗಲು ಜಾಗ ಇಲ್ಲ, ಅದಕ್ಕೇ ಅಷ್ಟು ನೋವು. ತಳದಲ್ಲಿ ದಾರಿ ಮಾಡಿ ಕೀವು ಹೊರಗೆ ಬಿಟ್ಟರೆ ಒಂದೆರಡು ದಿನದಲ್ಲಿ ಕುದುರೆ ಬೇರೆಯೇ ಆಗುತ್ತದೆ. ಬಿಡದಿದ್ದರೆ ಅದು ಮೇಲಕ್ಕೆ ದಾರಿ ಮಾಡಿಕೊಂಡು ಗೊರಸು ಮತ್ತು ಕೂದಲು ಸೇರುವ ಗೆರೆಯಲ್ಲಿ ಒಡೆಯುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಗೊರಸು ನೆನೆದು ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಆ ಬಿರುಕಿನಲ್ಲಿ ಎರೆ ಮಣ್ಣು, ಸಣ್ಣ ಕಡಿ ಹೊಕ್ಕು ಕೂರುತ್ತವೆ. ದಿನಾ ತಳ ಕೆರೆದು ನೋಡಿದರೆ ಇದರಲ್ಲಿ ಎಷ್ಟೋ ತಪ್ಪುತ್ತದೆ. ಲಾಳ ಬಡಿಸಿದ ಮರುದಿನವೇ ಕುಂಟಿದರೆ ಮೊಳೆ ಜೀವಂತ ಭಾಗಕ್ಕೆ ತಾಗಿದೆ ಅಂತ ಲೆಕ್ಕ. ಜೀವಂತ ಭಾಗದ ತೀರಾ ಹತ್ತಿರ ಹೋಗಿ ಒತ್ತುತ್ತಿದ್ದರೆ ಕೆಲವು ದಿನ ತಡವಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಲಾಳ ಬಡಿಸಿದ ತಾರೀಖು ಬರೆದಿಡಬೇಕು.

ಮದುವೆ ಕುದುರೆಗಳಿಗೆ ಇನ್ನೊಂದು ಅಪಾಯ ಇದೆ, ಅದನ್ನು ಜೋರಾಗಿಯೇ ಹೇಳುತ್ತೇನೆ. ಮೆರವಣಿಗೆಯಲ್ಲಿ ಬಂದವರೆಲ್ಲ ಪ್ರೀತಿಯಿಂದ ಬೆಲ್ಲ, ಬೂಂದಿ, ನೆನೆಸಿದ ಕಡಲೆ ಕೊಡುತ್ತಾರೆ. ಒಂದೇ ಸಲಕ್ಕೆ ಕಾಳು, ಸಿಹಿ ಜಾಸ್ತಿ ಹೋದರೆ ಕರುಳಿನಲ್ಲಿ ಹುಳಿತು, ಗೊರಸಿನ ಗೋಡೆಯನ್ನು ಒಳಗಿನ ಎಲುಬಿಗೆ ಹಿಡಿದಿಡುವ ಪದರಕ್ಕೇ ಪೆಟ್ಟು ಬೀಳುತ್ತದೆ. ಲ್ಯಾಮಿನೈಟಿಸ್ ಅನ್ನುತ್ತಾರೆ. ಸಾಮಾನ್ಯವಾಗಿ ಎರಡೂ ಮುಂಗಾಲು ಒಟ್ಟಿಗೆ ನೋಯುತ್ತವೆ, ಹಾಗಾಗಿ ತಲೆ ಆಡುವುದಿಲ್ಲ, ಕುಂಟು ಅಂತಲೇ ಅನಿಸುವುದಿಲ್ಲ. ಕುದುರೆ ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಮುಂಗಾಲು ಮುಂದೆ ಚಾಚಿ ನಿಲ್ಲುತ್ತದೆ, ತಿರುಗಲು ಒಲ್ಲೆ ಅನ್ನುತ್ತದೆ. ಇದನ್ನು ಹಟ ಅಂದುಕೊಂಡು ಹೊಡೆಯುವವರನ್ನು ನೋಡಿದ್ದೇನೆ. ಅದಕ್ಕೆ ತಕ್ಷಣ ಡಾಕ್ಟರು ಬೇಕು. ತಡವಾದರೆ ಒಳಗಿನ ಎಲುಬು ಜಾಗ ಬಿಟ್ಟು ಕೆಳಗಿಳಿಯುತ್ತದೆ.

ಮೋತಿಯಲ್ಲಿ ಇದ್ಯಾವುದೂ ಇರಲಿಲ್ಲ. ಗೊರಸು ತಣ್ಣಗೆ, ನಾಡಿ ಮೆತ್ತಗೆ, ಇಕ್ಕಳಕ್ಕೆ ಅಲುಗಾಡಲಿಲ್ಲ. ತಲೆ ಮಾತ್ರ ಎಡ ಮುಂಗಾಲು ಬಿದ್ದಾಗಲೆಲ್ಲ ಏಳುತ್ತಿತ್ತು. ನಾವೂ ಎಡ ಮುಂಗಾಲೇ ಅಂತ ಹಿಡಿದು ಕೂತೆವು. ವಾರ ವಿಶ್ರಾಂತಿ ಕೊಟ್ಟರೆ ಕಡಿಮೆ, ಎರಡು ಮೆರವಣಿಗೆ ಆದರೆ ಮತ್ತೆ ಅದೇ. ನಡುವೆ ನೋವಿನ ಮಾತ್ರೆಯೂ ಆಯಿತು. ಮಾತ್ರೆ ಕುಂಟನ್ನು ಮುಚ್ಚುತ್ತದೆ, ಕಾರಣ ಅಲ್ಲೇ ಇರುತ್ತದೆ, ಮೇಲಾಗಿ ಪರೀಕ್ಷೆಗೆ ಬಂದ ಡಾಕ್ಟರಿಗೆ ಏನೂ ಕಾಣದಂತೆ ಮಾಡುತ್ತದೆ. ಮನುಷ್ಯರ ಮಾತ್ರೆ ಅಂದಾಜಿನ ಮೇಲೆ ಕೊಟ್ಟರೆ ಕುದುರೆಗೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಬರುತ್ತದೆ. ಡೈಕ್ಲೋಫೆನ್ಯಾಕ್ ಅಂತೂ ಕೊಡಲೇಬಾರದು. ಪಶುಗಳಿಗೆ ಅದನ್ನು ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ, ಅದನ್ನು ಕೊಟ್ಟ ಪ್ರಾಣಿ ಸತ್ತಾಗ ತಿಂದ ರಣಹದ್ದುಗಳು ಸಾಯುತ್ತಿದ್ದವು.

ಕೊನೆಗೆ ಕುದುರೆ ನೋಡಿ ಅನುಭವ ಇದ್ದ ಒಬ್ಬ ಡಾಕ್ಟರು ಸಿಕ್ಕರು. ಅವರು ಬಂದು ಅರ್ಧ ಗಂಟೆ ಸುಮ್ನೆ ನೋಡಿದರು. ನೇರ ಓಡಿಸಿದರು, ಗಟ್ಟಿ ನೆಲದ ಮೇಲೆ ದುಂಡಗೆ ಓಡಿಸಿದರು, ಮೆತ್ತನೆ ಮಣ್ಣಿನಲ್ಲೂ ಓಡಿಸಿದರು. ಗೊರಸು, ಎಲುಬಿನ ನೋವು ಸಾಮಾನ್ಯವಾಗಿ ಗಟ್ಟಿ ನೆಲದಲ್ಲಿ ಜಾಸ್ತಿ ಆಗುತ್ತದೆ, ಸ್ನಾಯುರಜ್ಜಿನ ನೋವು ಆಳವಾದ ಮೆತ್ತನೆ ನೆಲದಲ್ಲಿ. ಆಮೇಲೆ ಮುಂಗಾಲಿನ ಒಂದೊಂದು ಕೀಲನ್ನು ಒಂದು ನಿಮಿಷ ಮಡಚಿ ಹಿಡಿದು, ಬಿಟ್ಟ ಕೂಡಲೇ ಓಡಿಸಿದರು. ಕುಂಟು ಜಾಸ್ತಿಯಾದರೆ ಆ ಕಡೆ ಅನುಮಾನ ಪಡಬಹುದು. ಅನುಮಾನ ಅಷ್ಟೇ, ಆರೋಗ್ಯದ ಕುದುರೆಯೂ ಗಟ್ಟಿಯಾಗಿ ಮಡಚಿದರೆ ನಾಲ್ಕು ಹೆಜ್ಜೆ ಕುಂಟುತ್ತದೆ. ಮೋತಿಯ ಮುಂಗಾಲಿನಲ್ಲಿ ಏನೂ ಬದಲಾಗಲಿಲ್ಲ.

ಆಮೇಲೆ ಅವರು ಮಾಡಿದ್ದು ನರಗಳನ್ನು ಮರಗಟ್ಟಿಸುವ ಪರೀಕ್ಷೆ. ಈ ಇಡೀ ಹುಡುಕಾಟದ ಜೀವಾಳ ಇದು. ಹಲ್ಲು ಕೀಳುವಾಗ ಒಸಡಿಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಅಂಥದ್ದೇ ಔಷಧಿ. ಗೊರಸಿಗೆ ಹೋಗುವ ನರದ ಪಕ್ಕ ಸ್ವಲ್ಪ ಚುಚ್ಚಿ, ಐದರಿಂದ ಹತ್ತು ನಿಮಿಷ ಕಾದು, ಪೆನ್ನಿನ ತುದಿಯಿಂದ ಚರ್ಮ ಒತ್ತಿ ಮರಗಟ್ಟಿದೆಯಾ ಅಂತ ಖಚಿತ ಮಾಡಿಕೊಂಡು, ಮತ್ತೆ ಓಡಿಸುತ್ತಾರೆ. ಕುಂಟು ಹೋಯಿತಾ? ನೋವು ಆ ಮರಗಟ್ಟಿದ ಜಾಗದಲ್ಲೇ ಇದೆ. ಹೋಗಲಿಲ್ಲವಾ? ಇನ್ನಷ್ಟು ಮೇಲೆ ಇನ್ನೊಂದು ಇಂಜೆಕ್ಷನ್. ಕರೆಂಟು ಹೋದಾಗ ಲೈನ್‌ಮನ್ ಒಂದೊಂದೇ ಕಂಬ ನೋಡುತ್ತ ಹೋಗುವ ಹಾಗೆ. ಕೆಳಗಿನಿಂದಲೇ ಶುರು ಮಾಡಬೇಕು, ಯಾಕೆಂದರೆ ಮೇಲೆ ಮರಗಟ್ಟಿಸಿದರೆ ಕೆಳಗಿನದೆಲ್ಲ ತಾನಾಗಿ ಮರಗಟ್ಟುತ್ತದೆ, ಜಾಗ ಗೊತ್ತಾಗುವುದಿಲ್ಲ. ಎರಡೂ ಮುಂಗಾಲು ನೋಯುವ ಕುದುರೆಯಲ್ಲಿ ಒಂದನ್ನು ಮರಗಟ್ಟಿಸಿದರೆ ಕುಂಟು ಇನ್ನೊಂದು ಕಾಲಿಗೆ ದಾಟುತ್ತದೆ. ನೋಡಿದವರಿಗೆ ಆಶ್ಚರ್ಯ ಆಗುತ್ತದೆ, ಆದರೆ ಕಾರಣ ಸರಳ, ಎರಡನೆಯ ಕಾಲಿನ ನೋವು ಮೊದಲೂ ಇತ್ತು, ಮುಚ್ಚಿಹೋಗಿತ್ತು. ಎಲುಬು ಬಿರುಕು ಬಿಟ್ಟಿದೆ ಅನ್ನುವ ಅನುಮಾನ ಇದ್ದರೆ ಮಾತ್ರ ಈ ಪರೀಕ್ಷೆ ಮಾಡಬಾರದು. ನೋವು ಗೊತ್ತಾಗದ ಕುದುರೆ ಪೂರ್ತಿ ಭಾರ ಹಾಕಿ ಎಲುಬನ್ನು ಎರಡು ತುಂಡು ಮಾಡಿಕೊಳ್ಳಬಹುದು.

ಮೋತಿಯ ಎಡ ಮುಂಗಾಲನ್ನು ಮಂಡಿಯ ಕೆಳಗಿನ ತನಕ ಹಂತ ಹಂತವಾಗಿ ಮರಗಟ್ಟಿಸಿದರು. ತಲೆ ಹಾಗೇ ಏಳುತ್ತಿತ್ತು. ಡಾಕ್ಟರು ಸಿರಿಂಜು ಕೆಳಗಿಟ್ಟು "ಇದರ ಹಳೇ ನಾಲ ಇದ್ದಾವೇನ್ರಿ?" ಅಂತ ಕೇಳಿದರು. ಲಾಳಕ್ಕೆ ನಮ್ಮ ಕಡೆ ನಾಲ ಅನ್ನುತ್ತಾರೆ. ಕಾಕಾ ಯಾವುದನ್ನೂ ಬಿಸಾಡುವವರಲ್ಲ. ಗೋಣಿಚೀಲದಲ್ಲಿದ್ದ ಹಳೇ ನಾಲಗಳನ್ನೆಲ್ಲ ಕಟ್ಟೆಯ ಮೇಲೆ ಸುರುವಿದರು. ನಮಗೆ ಎಲ್ಲ ಒಂದೇ ಥರ ಕಂಡವು. ಲಾಳ ಕಟ್ಟುವ ಚಾಚಾ ಒಂದೊಂದನ್ನೇ ಎತ್ತಿ, ಆಕಾರದ ಮೇಲೆ ಮುಂದಿನದು, ಹಿಂದಿನದು, ಎಡ, ಬಲ ಅಂತ ಬೇರೆ ಮಾಡಿಟ್ಟರು. ಮುಂದಿನ ನಾಲ ದುಂಡಗೆ, ಹಿಂದಿನದು ತುದಿಯಲ್ಲಿ ಸ್ವಲ್ಪ ಚೂಪು. ಎಡ ಹಿಂಗಾಲಿನವು ಎಲ್ಲವೂ ತುದಿಯಲ್ಲಿ ತೆಳ್ಳಗೆ ಸವೆದಿದ್ದವು. ಬಲ ಹಿಂಗಾಲಿನವು ಸಮವಾಗಿದ್ದವು. "ಈ ಕಾಲ ಎತ್ತಿ ಇಡವಲ್ಲದು, ಎಳಕೊಂಡ ಹೊಂಟೈತಿ" ಅಂದರು ಚಾಚಾ.

ನೋವು ಹಿಂಗಾಲಿನಲ್ಲಿದ್ದರೆ ತಲೆ ಎಡ ಮುಂಗಾಲಿಗೆ ಯಾಕೆ ಏಳಬೇಕು? ಇಲ್ಲೇ ಜೋಡಿ ಕಾಲುಗಳ ಲೆಕ್ಕ ಬರುತ್ತದೆ. ಸಣ್ಣ ಓಟದಲ್ಲಿ ಎಡ ಹಿಂಗಾಲು ಬಲ ಮುಂಗಾಲಿನ ಜೊತೆ ಬೀಳುತ್ತದೆ. ಎಡ ಹಿಂಗಾಲು ನೋಯುವ ಕುದುರೆ ಆ ಹೊತ್ತಿಗೆ ಭಾರವನ್ನು ಮುಂದಕ್ಕೆ ದಬ್ಬಲು ತಲೆ ಕೆಳಗೆ ಹಾಕುತ್ತದೆ. ಅದೇ ಕ್ಷಣ ನೆಲದ ಮೇಲಿರುವುದು ಬಲ ಮುಂಗಾಲು. ನೋಡುವವರಿಗೆ ಬಲ ಮುಂಗಾಲಿಗೆ ತಲೆ ಬಗ್ಗಿತು, ಎಡಕ್ಕೆ ಎದ್ದಿತು, ಹಾಗಾದರೆ ಎಡ ಮುಂಗಾಲೇ ಕುಂಟು ಅನಿಸುತ್ತದೆ. ಹಿಂಗಾಲಿನ ನೋವು ಅದೇ ಬದಿಯ ಮುಂಗಾಲಿನ ವೇಷ ಹಾಕಿಕೊಂಡು ಬರುತ್ತದೆ. ಮೂರು ತಿಂಗಳು ನಾವು ನೋಡಿದ್ದು ಆ ವೇಷವನ್ನು.

ಎಡ ಹಿಂಗಾಲನ್ನು ಮಡಚಿ ಹಿಡಿದು ಬಿಟ್ಟಾಗ ಮೊದಲ ಹತ್ತು ಹೆಜ್ಜೆ ಯಾರಿಗಾದರೂ ಕಾಣುವ ಹಾಗೆ ಕುಂಟಿತು. ಹಿಂಗಾಲಿನ ನಡುವೆ ಹಿಂದಕ್ಕೆ ಚೂಪಾಗಿ ಕಾಣುವ ಕೀಲು ಇದೆಯಲ್ಲ, ಹಾಕ್ ಅನ್ನುತ್ತಾರೆ, ನಮ್ಮ ಹಿಮ್ಮಡಿಗೆ ಸಮ. ಅದು ಒಂದು ಕೀಲಲ್ಲ, ಒಂದರ ಮೇಲೊಂದು ಜೋಡಿಸಿದ ಹಲವು ಕೀಲು. ಅದರ ತಳದ ಕೀಲಿನೊಳಗೆ ಅದೇ ಮರಗಟ್ಟಿಸುವ ಔಷಧಿ ಹಾಕಿದರು. ಕೀಲಿನೊಳಗೆ ಚುಚ್ಚುವಾಗ ಕೂದಲು, ಚರ್ಮ ಆಪರೇಷನ್ನಿಗೆ ತೊಳೆದ ಹಾಗೆ ತೊಳೆಯಬೇಕು, ಒಳಗೆ ನಂಜು ಸೇರಿದರೆ ಕಾಲೇ ಹೋಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಓಡಿಸಿದರು. ತಲೆ ನೆಟ್ಟಗೆ ಇತ್ತು. ಕಾಕಾ ಮತ್ತೊಂದು ಸಲ ಓಡಿಸಿರಿ ಅಂದರು, ಕಣ್ಣು ಒರೆಸಿಕೊಂಡು.

ಎಕ್ಸ್‌ರೇ ಬಂದದ್ದು ಇಷ್ಟೆಲ್ಲ ಆದ ಮೇಲೆ. ಮೊದಲೇ ಎಕ್ಸ್‌ರೇ ತೆಗೆಸಬಹುದಿತ್ತಲ್ಲ ಅಂತ ಕೇಳುತ್ತಾರೆ. ಯಾವ ಕಾಲಿನದು? ಎಡ ಮುಂಗಾಲಿನದು ತೆಗೆಸುತ್ತಿದ್ದೆವು, ದುಡಿದು ದುಡಿದು 14 ವರ್ಷವಾದ ಕುದುರೆಯ ಎಲುಬಿನಲ್ಲಿ ಒಂದಲ್ಲ ಒಂದು ಸವೆತ ಕಂಡೇ ಕಾಣುತ್ತದೆ, ಅದನ್ನೇ ಕಾರಣ ಅಂದುಕೊಂಡು ಚಿಕಿತ್ಸೆ ಶುರು ಮಾಡುತ್ತಿದ್ದೆವು. ಕಂಡದ್ದೆಲ್ಲ ನೋಯುವುದಿಲ್ಲ. ನೋಯುವುದೆಲ್ಲ ಕಾಣುವುದೂ ಇಲ್ಲ, ಕೂದಲೆಳೆಯ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ತಪ್ಪಿಸಿಕೊಂಡು ಹತ್ತು ಹದಿನಾಲ್ಕು ದಿನದ ಮೇಲೆ ಕಾಣಿಸಬಹುದು. ಸ್ನಾಯುರಜ್ಜು ಎಕ್ಸ್‌ರೇಯಲ್ಲಿ ಬರುವುದೇ ಇಲ್ಲ, ಅದಕ್ಕೆ ಅಲ್ಟ್ರಾಸೌಂಡ್ ಬೇಕು. ಮೋತಿಯ ಹಾಕ್‌ನ ಕೆಳಗಿನ ಎರಡು ಕೀಲುಗಳ ಸಂದು ಕಿರಿದಾಗಿತ್ತು, ಅಂಚು ಒರಟಾಗಿತ್ತು. ಕೀಲು ಸವೆತ. ಮದುವೆ ಕುದುರೆ ಬ್ಯಾಂಡಿಗೆ ಕುಣಿಯುತ್ತದೆ, ಹಿಂಗಾಲಿನ ಮೇಲೆ ಭಾರ ಹಾಕಿ ಮುಂದೆ ಏಳುತ್ತದೆ, ಅದೂ ಕಾಂಕ್ರೀಟ್ ರಸ್ತೆಯ ಮೇಲೆ, ವರ್ಷಗಟ್ಟಲೆ. ಆ ಕುಣಿತದ ಪೆಟ್ಟು ಅಲ್ಲಿಗೇ ಬಿದ್ದಿತ್ತು ಅಂತ ನನಗೆ ಅನಿಸುತ್ತದೆ.

ಕುಂಟಿನ ಹಾಗೆ ಕಂಡು ಕುಂಟಲ್ಲದವೂ ಇವೆ. ಎಳೆಯ ಹಸಿ ಜೋಳದ ಬೆಳೆಯಲ್ಲಿ ದಿನಗಟ್ಟಲೆ ಮೇಯ್ದ ಕುದುರೆಗೆ ಬೆನ್ನುಹುರಿಗೆ ಪೆಟ್ಟಾಗಿ ಹಿಂಭಾಗ ತೂರಾಡಬಹುದು, ಮೂತ್ರ ತೊಟ್ಟಿಕ್ಕಬಹುದು. ಗದಗ, ನವಲಗುಂದದ ಕಡೆ ಜೋಳದ ಹೊಲ ಪಕ್ಕದಲ್ಲೇ ಇರುವವರು ಇದನ್ನು ನೆನಪಿಡಿ. ಒಣಗಿಸಿದ ಕಣಿಕೆಯಿಂದ ಈ ತೊಂದರೆ ಇಲ್ಲ. ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗದಲ್ಲೂ ಬಿಟ್ಟು ಬಿಟ್ಟು ಜ್ವರ ಬಂದು, ಕಾಲು ಬಾತು, ಹಿಂಗಾಲು ಸೋಲುತ್ತವೆ, ರಕ್ತ ಪರೀಕ್ಷೆ ಮಾಡಿಸಬೇಕು. ಹಿಂಗಾಲಿನ ಒಳಬದಿಯಲ್ಲಿ ಸಾಲಾಗಿ ಗಂಟು ಎದ್ದು ಒಡೆದು ಸೋರುತ್ತಿದ್ದರೆ, ಮೂಗಿನಿಂದ ಹಳದಿ ಸಿಂಬಳ ಬರುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಗ್ಲ್ಯಾಂಡರ್ಸ್ ಇರಬಹುದು, ಅದು ಮನುಷ್ಯರಿಗೂ ತಗಲುತ್ತದೆ. ಪಶುಸಂಗೋಪನಾ ಇಲಾಖೆಗೆ ತಿಳಿಸಲೇಬೇಕು. ಅದರ ರಕ್ತದ ಮಾದರಿ ಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಆಗುತ್ತದೆ.

ಹತ್ತಿರದಲ್ಲಿ ಕುದುರೆ ಗೊತ್ತಿರುವ ಡಾಕ್ಟರು ಇಲ್ಲದವರಿಗೆ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿ ವಿಚಾರಿಸಿ. ಹೋಗುವಾಗ ವಿಡಿಯೋ, ಯಾವ ದಿನದಿಂದ ಶುರುವಾಯಿತು, ಲಾಳ ಬಡಿಸಿದ್ದು ಯಾವಾಗ, ಯಾವ ಔಷಧಿ ಕೊಟ್ಟಿರಿ, ಹೊರಟ ಕೂಡಲೇ ಜಾಸ್ತಿಯೋ ನಡೆದ ಮೇಲೆ ಜಾಸ್ತಿಯೋ, ಇಷ್ಟು ಬರೆದುಕೊಂಡು ಹೋಗಿ. ಮೋತಿ ಬೆಳಿಗ್ಗೆ ಬಿಗಿಯಾಗಿರುತ್ತಿತ್ತು, ಒಂದು ಸುತ್ತು ನಡೆದರೆ ಸಡಿಲಾಗುತ್ತಿತ್ತು. ಕೀಲು ಸವೆತದಲ್ಲಿ ಹಾಗೆ ಆಗುವುದು ಸಾಮಾನ್ಯ ಅಂತ ನಮಗೆ ಆಮೇಲೆ ತಿಳಿಯಿತು. ನಾವು ಅದನ್ನು ದಿನಾ ನೋಡಿದ್ದೆವು, ಯಾರಿಗೂ ಹೇಳಿರಲಿಲ್ಲ.

ಈಗ ಅದರ ಕೀಲಿಗೆ ಔಷಧಿ ಕೊಟ್ಟಿದ್ದಾರೆ. ಹಿಂದಿನ ನಾಲದ ತುದಿಯನ್ನು ಚಾಚಾ ಉರುಟು ಮಾಡಿ ಬಡಿಯುತ್ತಾರೆ, ಕಾಲು ಎತ್ತುವುದು ಹಗುರಾಗಲಿ ಅಂತ. ಆ ಕೆಳಗಿನ ಕೀಲುಗಳು ಅಲುಗಾಡುವುದೇ ಕಡಿಮೆ, ವರ್ಷಗಳಲ್ಲಿ ತಾವಾಗಿಯೇ ಬೆಸೆದುಕೊಂಡರೆ ನೋವು ಇಳಿಯುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಪೂರ್ತಿ ಕಟ್ಟಿ ಹಾಕಬೇಡಿ, ದಿನಾ ಮೆತ್ತನೆ ನೆಲದಲ್ಲಿ ನಡೆಸಿ ಅಂದಿದ್ದಾರೆ. ಮೋತಿ ಇನ್ನು ಕುಣಿಯುವುದಿಲ್ಲ. ಕಾಕಾ ಹಳೇ ನಾಲಗಳನ್ನು ಗೋಣಿಚೀಲದಿಂದ ತೆಗೆದು, ಪ್ರತಿಯೊಂದರ ಮೇಲೂ ಬಿಳಿ ಪೇಂಟಿನಲ್ಲಿ ಯಾವ ಕಾಲು, ಯಾವ ತಾರೀಖು ಅಂತ ಬರೆದು, ಲಾಯದ ಗೋಡೆಗೆ ನಾಲ್ಕು ಸಾಲು ಮಾಡಿ ತೂಗುಹಾಕಿದ್ದಾರೆ.